ಬೆಟ್ಟದ ಬುಡದ ನಿರ್ಜನ ಮರಳು ದಂಡೆಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂದೆ ಕಾಡು ಹೊದ್ದ ಬೆಟ್ಟ, ಮುಂದೆ ತೆರೆದ ಕಡಲು, ನಡುವೆ ಒಂದು ತುಂಡು ಮರಳು. ಹೋಟೆಲಿಲ್ಲ, ಜೀವರಕ್ಷಕರಿಲ್ಲ, ಎಷ್ಟೋ ಕಡೆ ರಸ್ತೆಯೂ ಇಲ್ಲ. ಉಷ್ಣವಲಯದಲ್ಲಿ ಇಂಥ ದಂಡೆಗಳು ಇನ್ನೂ ಉಳಿದಿವೆ. ಅಲ್ಲಿಗೆ ಹೊರಟವರು ಮಾತಿನ ನಡುವೆ, ಪತ್ರಗಳಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಅವರದೇ ಧಾಟಿಯಲ್ಲಿ ಇಲ್ಲಿ ಸೇರಿಸಿದ್ದೇನೆ. ಎಲ್ಲರೂ ಕೇಳುವುದು ಕಡಲಿನ ಬಗ್ಗೆ. ನಾನು ಹೇಳುವುದರಲ್ಲಿ ಅರ್ಧಕ್ಕರ್ಧ ಬೆಟ್ಟದ ಬಗ್ಗೆ ಇರುತ್ತದೆ. ಇಂಥ ಕಡೆ ಜನ ತೊಂದರೆಗೆ ಸಿಕ್ಕುವುದು ಬಹಳ ಸಲ ಬೆನ್ನ ಹಿಂದೆ ಏನಾಗುತ್ತಿದೆ ಎಂದು ತಿರುಗಿ ನೋಡದೆ.

## ಹೊರಡುವ ಮೊದಲು

ಇಷ್ಟು ಚಂದದ ಬೀಚಲ್ಲಿ ಒಂದು ರೆಸಾರ್ಟೂ ಯಾಕಿಲ್ಲ? ಏನಾದರೂ ಐಬಿದೆಯಾ?

ಐಬು ಮರಳಿನದ್ದಲ್ಲ, ನೆಲದ್ದು. ಬೆಟ್ಟ ನೇರವಾಗಿ ಕಡಲಿಗೆ ಇಳಿಯುವ ಕಡೆ ಕಟ್ಟಡ ಎಬ್ಬಿಸಲು ಸಮತಟ್ಟು ಜಾಗ ಸಿಗುವುದಿಲ್ಲ. ರಸ್ತೆ ಕೊರೆದರೆ ಒಂದೇ ಮಳೆಗಾಲಕ್ಕೆ ಗುಡ್ಡ ಜರಿದು ಮುಚ್ಚಿಹೋಗುತ್ತದೆ. ಹವಾಯಿಯ ಕೌವಾಯಿ ದ್ವೀಪಕ್ಕೆ ಪೂರ್ತಿ ಸುತ್ತು ಹಾಕುವ ರಸ್ತೆ ಇವತ್ತಿಗೂ ಇಲ್ಲ, ನಾ ಪಾಲಿ ಕರಾವಳಿಯ ಬಂಡೆಗೋಡೆಗಳು ಅಡ್ಡ ನಿಂತಿವೆ. ಟ್ರಿನಿಡಾಡಿನ ಉತ್ತರ ಕರಾವಳಿಯಲ್ಲೂ ಇದೇ ಕತೆ. ಒಂದು ಕಡೆಯಿಂದ ಬರುವ ರಸ್ತೆ ಬ್ಲಾಂಷಿಸ್ಯೂಸ್ ದಾಟಿ ನಿಲ್ಲುತ್ತದೆ, ಇನ್ನೊಂದು ಕಡೆಯದು ಮಟ್‌ಲಾಟ್‌ನಲ್ಲಿ ಮುಗಿಯುತ್ತದೆ. ನಡುವಿನ ಪರಿಯಾ ಕೊಲ್ಲಿಗೆ ಹೋಗಬೇಕಾದರೆ ಕಾಡಿನ ಕಾಲುದಾರಿ, ಇಲ್ಲವೇ ದೋಣಿ. ಕೊಲಂಬಿಯಾದ ಪೆಸಿಫಿಕ್ ತೀರದ ನುಕಿ ಊರಿಗಂತೂ ವಿಮಾನದಲ್ಲೋ ದೋಣಿಯಲ್ಲೋ ಹೋಗಬೇಕು.

ಒಂದು ಮಾತು ನೆನಪಿರಲಿ. ರೆಸಾರ್ಟನ್ನು ದೂರ ಇಟ್ಟ ಅದೇ ಬೆಟ್ಟ ಆಂಬುಲೆನ್ಸನ್ನೂ ದೂರ ಇಡುತ್ತದೆ.

ಯಾವ ತಿಂಗಳು ಹೋಗೋದು ಒಳ್ಳೇದು?

ಇಲ್ಲಿ ಎರಡು ಲೆಕ್ಕ ಇವೆ, ಜನ ಒಂದನ್ನೇ ನೋಡುತ್ತಾರೆ. ಮಳೆಯ ಲೆಕ್ಕ ಒಂದು, ಅಲೆಯ ಲೆಕ್ಕ ಇನ್ನೊಂದು. ಎರಡೂ ಒಟ್ಟಿಗೇ ಹೋಗಬೇಕೆಂದೇನಿಲ್ಲ. ಮಾನ್ಸೂನ್ ಕರಾವಳಿಗಳಲ್ಲಿ ಮಳೆಗಾಲವೂ ಕಡಲಿನ ಅಬ್ಬರವೂ ಜೊತೆಜೊತೆಗೇ ಬರುವುದರಿಂದ ಲೆಕ್ಕ ಸುಲಭ. ಕೆರಿಬಿಯನ್ ಕಡೆ ಹಾಗಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಕಾಶ ತಿಳಿಯಾಗಿರುತ್ತದೆ, ಆದರೆ ಉತ್ತರ ಅಟ್ಲಾಂಟಿಕಿನ ಬಿರುಗಾಳಿಗಳು ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ಸಾಗಿ ಬಂದು ಉತ್ತರಕ್ಕೆ ಮುಖ ಮಾಡಿದ ದಂಡೆಗಳಿಗೆ ಬಡಿಯುವುದೂ ಅದೇ ತಿಂಗಳುಗಳಲ್ಲಿ. ಬಿಸಿಲು ನೋಡಿ ನೀರಿಗಿಳಿದವರಿಗೆ ಇಷ್ಟು ದೊಡ್ಡ ಅಲೆ ಎಲ್ಲಿಂದ ಬಂತು ಎಂದೇ ಗೊತ್ತಾಗುವುದಿಲ್ಲ.

ಆದ್ದರಿಂದ ಮಳೆ ಯಾವಾಗ, ದೊಡ್ಡ ಅಲೆ ಯಾವಾಗ ಎಂದು ಬೇರೆ ಬೇರೆಯಾಗಿ ಕೇಳಿ. ದಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎನ್ನುವುದನ್ನು ನಕ್ಷೆಯಲ್ಲಿ ನೋಡಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಫೋರ್‌ಕಾಸ್ಟ್‌ನಲ್ಲಿ ಬಿಸಿಲು ಅಂತ ತೋರಿಸ್ತಿದೆ, ಮತ್ತೆ ಮಳೆ ಚಿಂತೆ ಯಾಕೆ?

ಮುನ್ಸೂಚನೆ ಹತ್ತಿರದ ಪಟ್ಟಣದ್ದು. ನೀವು ಹೋಗುವುದು ಬೆಟ್ಟದ ಬುಡಕ್ಕೆ. ಕಡಲಿನ ತೇವ ಹೊತ್ತ ಗಾಳಿ ಬೆಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ, ತಣಿದು, ಅಲ್ಲೇ ಮಳೆ ಸುರಿಸುತ್ತದೆ. ಕೌವಾಯಿ ನಡುವಿನ ವೈಅಲೆಅಲೆ ಶಿಖರಕ್ಕೆ ವರ್ಷಕ್ಕೆ ಸರಾಸರಿ 9,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದೇ ದ್ವೀಪದ ಪಶ್ಚಿಮ ತೀರದ ಕೆಕಾಹಾದಲ್ಲಿ ಸುಮಾರು 500 ಮಿ.ಮೀ. ಮಾತ್ರ. ಪರದೆಯ ಮೇಲಿನ ಸೂರ್ಯನ ಚಿತ್ರಕ್ಕಿಂತ ಬೆಳಿಗ್ಗೆ ಬೆಟ್ಟದ ನೆತ್ತಿ ಕಾಣುತ್ತಿದೆಯೋ ಇಲ್ಲವೋ ಎನ್ನುವುದನ್ನು ನಾನು ಹೆಚ್ಚು ನಂಬುತ್ತೇನೆ.

ಏನೇನು ತಗೊಂಡು ಹೋಗ್ಬೇಕು?

ನೀರು. ಆಮೇಲೆ ಇನ್ನಷ್ಟು ನೀರು. ಇಡೀ ದಿನಕ್ಕೆ ತಲೆಗೆ ನಾಲ್ಕು ಲೀಟರಿಗೆ ಕಡಿಮೆ ಒಯ್ಯಬೇಡಿ. ಹೊಳೆ ದಾಟಲು ಒದ್ದೆಯಾದರೂ ಜಾರದ ಚಪ್ಪಲಿ ಅಥವಾ ಬೂಟು, ಹಗಲಲ್ಲೇ ಮರಳುವ ಯೋಚನೆ ಇದ್ದರೂ ಒಂದು ಟಾರ್ಚು, ಒಂದು ಸೀಟಿ, ಸಣ್ಣ ಬಾಟಲಿಯಲ್ಲಿ ವಿನೆಗರ್, ಗಾಯಕ್ಕೆ ಪಟ್ಟಿ, ಕಸ ವಾಪಸ್ ತರಲು ಗಟ್ಟಿ ಚೀಲ. ಗಾಜಿನ ಬಾಟಲಿ ಬೇಡ. ಬ್ಲೂಟೂತ್ ಸ್ಪೀಕರ್ ಒಯ್ಯುವವರಿಗೆ ನನ್ನಲ್ಲಿ ಸಲಹೆ ಏನೂ ಇಲ್ಲ, ಬೇರೆ ಬೀಚಿಗೆ ಹೋಗಿ ಎನ್ನುವುದನ್ನು ಬಿಟ್ಟು.

ಅಲ್ಲಿ ಸಿಗ್ನಲ್ ಸಿಗುತ್ತಾ?

ಸಿಗುವುದಿಲ್ಲ ಎಂದುಕೊಂಡೇ ಹೋಗಿ. ಟವರು ಗುಡ್ಡದ ಆಚೆ ಇರುತ್ತದೆ, ಸಿಗ್ನಲ್ ಗುಡ್ಡ ಹಾದು ಬರುವುದಿಲ್ಲ. ದಾರಿಯಲ್ಲಿ ದಿಣ್ಣೆಯ ಮೇಲೆ ಎಲ್ಲಾದರೂ ಒಂದೆರಡು ಕಡ್ಡಿ ಕಂಡರೆ ಆ ಜಾಗ ಗುರುತಿಟ್ಟುಕೊಳ್ಳಿ, ತುರ್ತಿಗೆ ಅಲ್ಲಿಗೇ ಓಡಬೇಕಾಗುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಗಂಟೆಯೊಳಗೆ ನಿಮ್ಮಿಂದ ಸುದ್ದಿ ಬಾರದಿದ್ದರೆ ಹುಡುಕಬೇಕು ಎಂಬುದನ್ನು ಒಬ್ಬರಿಗೆ ಹೇಳಿ ಹೊರಡಿ.

ಒಬ್ಬಳೇ ಹೋಗಬಹುದಾ?

ನಡೆಯಲು, ಕೂರಲು, ನೋಡಲು ಹೋಗಬಹುದು. ಸುರಕ್ಷತೆ ಊರೂರಿಗೆ ಬೇರೆ, ಅದನ್ನು ಸ್ಥಳೀಯ ಹೆಂಗಸರನ್ನು ಕೇಳಿ ತಿಳಿಯುವುದೇ ಸರಿ. ಆದರೆ ಒಬ್ಬರೇ ಇರುವಾಗ ಮೊಣಕಾಲಿಗಿಂತ ಆಳದ ನೀರಿಗೆ ಇಳಿಯಬೇಡಿ. ಈ ಮಾತು ಗಂಡಸರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ, ಅವರು ಕೇಳುವುದಿಲ್ಲ ಅಷ್ಟೆ.

## ದಾರಿ ಮತ್ತು ಹೊಳೆ

ದಾರಿಯಲ್ಲಿ ಒಂದು ಹೊಳೆ ಇದೆಯಂತೆ, ಮೊಣಕಾಲುದ್ದ ನೀರಂತೆ. ದಾಟಬಹುದಲ್ವಾ?

ಬೆಳಿಗ್ಗೆ ಮೊಣಕಾಲುದ್ದ ಇದ್ದದ್ದು ಮಧ್ಯಾಹ್ನ ಸೊಂಟದವರೆಗೆ ಬರಬಹುದು, ದಂಡೆಯಲ್ಲಿ ಒಂದು ಹನಿಯೂ ಬೀಳದೆ. ಕರಾವಳಿ ಬೆಟ್ಟದ ಹೊಳೆಗಳು ಗಿಡ್ಡ, ಕಡಿದು. ಮೇಲೆ ಸುರಿದ ಮಳೆ ಸುತ್ತಿ ಬಳಸಿ ಬರುವುದಿಲ್ಲ, ನೇರ ಕೆಳಗೆ ಧುಮುಕುತ್ತದೆ. 2018ರ ಏಪ್ರಿಲ್ ಮಧ್ಯದಲ್ಲಿ ಕೌವಾಯಿಯ ಉತ್ತರ ತೀರದ ವೈಪಾದಲ್ಲಿ 24 ಗಂಟೆಗಳಲ್ಲಿ 1,262 ಮಿ.ಮೀ. ಮಳೆ ಬಿತ್ತು. ಅಮೆರಿಕದಲ್ಲಿ ಒಂದು ದಿನದೊಳಗೆ ದಾಖಲಾದ ಅತಿ ಹೆಚ್ಚು ಮಳೆ ಅದು. ಗುಡ್ಡ ಜರಿದು, ಅಲ್ಲಿಯ ದಂಡೆಗಳಿಗೆ ಹೋಗುವ ಒಂದೇ ರಸ್ತೆ ತಿಂಗಳುಗಟ್ಟಲೆ ಮುಚ್ಚಿತು.

ಅಷ್ಟು ದೊಡ್ಡ ಮಳೆಯೇ ಬೇಕಿಲ್ಲ. ಅದೇ ತೀರದ ಹನಕಾಪಿಐ ದಂಡೆಗೆ ಸುಮಾರು ಮೂರು ಕಿಲೋಮೀಟರ್ ಕಾಲುದಾರಿ, ಕೊನೆಯಲ್ಲಿ ಒಂದು ಹೊಳೆ. ಬೆಳಿಗ್ಗೆ ಕಲ್ಲಿಂದ ಕಲ್ಲಿಗೆ ಜಿಗಿದು ದಾಟಿದವರು ಸಂಜೆಗೆ ಆಚೆ ದಡದಲ್ಲಿ ಸಿಕ್ಕಿಬಿದ್ದು, ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋದದ್ದು ಹಲವು ಸಲ ಆಗಿದೆ. ಕಾಯದೆ ಇಳಿದು ಪ್ರಾಣ ಕಳೆದುಕೊಂಡವರೂ ಇದ್ದಾರೆ.

ನೀರು ಏರುವ ಮುನ್ನ ಹೊಳೆ ಸೂಚನೆ ಕೊಡುತ್ತದೆ. ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಒಣ ಎಲೆ, ಪುಳ್ಳೆ, ನೊರೆ ತೇಲಿ ಬರತೊಡಗುತ್ತವೆ. ಜುಳುಜುಳು ಸದ್ದು ಗಡಸಾಗಿ, ಅಡಿಯಲ್ಲಿ ಕಲ್ಲು ಉರುಳುವ ಗುಡುಗುಡು ಕೇಳಿಸುತ್ತದೆ. ಇವುಗಳಲ್ಲಿ ಒಂದು ಕಂಡರೂ ಅತ್ತಲಿಂದ ಇತ್ತ ಬಂದುಬಿಡಿ. ತಡವಾಗಿದ್ದರೆ ಕಾಯಿರಿ. ಇಂಥ ಹೊಳೆಗಳು ಬೇಗ ಏರುವಂತೆಯೇ, ಮೇಲೆ ಮಳೆ ನಿಂತರೆ, ಕೆಲವು ಗಂಟೆಗಳಲ್ಲಿ ಇಳಿಯುತ್ತವೆ. ಹಸಿದು ಒಂದು ರಾತ್ರಿ ಕಳೆದವರು ಮರುದಿನ ಮನೆಗೆ ಹೋಗಿ ಊಟ ಮಾಡುತ್ತಾರೆ.

ದಾಟಲೇಬಹುದಾದಷ್ಟು ನೀರಿದ್ದಾಗಲೂ ಬ್ಯಾಗಿನ ಸೊಂಟಪಟ್ಟಿ ಬಿಚ್ಚಿರಲಿ, ಬಿದ್ದರೆ ಕಳಚಿ ಬಿಸಾಡಬೇಕು. ಕೆಳಗಡೆ ಏನಿದೆ ನೋಡಿ. ಕಾಲು ತಪ್ಪಿದರೆ ಹೊಳೆ ನಿಮ್ಮನ್ನು ಒಯ್ದು ನೇರ ಅಲೆಗಳ ನಡುವೆ ಎಸೆಯುವಂತಿದ್ದರೆ ಆ ಜಾಗದಲ್ಲಿ ದಾಟುವ ಮಾತೇ ಇಲ್ಲ.

ವಾಪಸ್ ಎಷ್ಟೊತ್ತಿಗೆ ಹೊರಡಬೇಕು? ಸೂರ್ಯಾಸ್ತ ನೋಡಿಕೊಂಡು ಬರಬಹುದಾ?

ರಾತ್ರಿ ಅಲ್ಲೇ ಉಳಿಯುವುದಾದರೆ ನೋಡಿ. ಇಲ್ಲದಿದ್ದರೆ ಕತ್ತಲಾಗುವುದಕ್ಕೆ ಎರಡು ಗಂಟೆ ಮುಂಚೆ ದಾರಿಯ ಮೇಲಿರಿ. ಉಷ್ಣವಲಯದಲ್ಲಿ ಸಂಜೆ ಬಹಳ ಮೋಸ. ಸೂರ್ಯ ಮುಳುಗಿದ ಮೇಲೆ ದಾರಿ ಕಾಣುವಷ್ಟು ಬೆಳಕು ಇರುವುದು ಇಪ್ಪತ್ತು-ಇಪ್ಪತ್ತೈದು ನಿಮಿಷ, ಮರಗಳ ಕೆಳಗೆ ಅಷ್ಟೂ ಇಲ್ಲ. ಪೂರ್ವಕ್ಕೆ ಮುಖ ಮಾಡಿದ ದಂಡೆಯಾದರೆ ಸೂರ್ಯ ಬೆಟ್ಟದ ಹಿಂದೆ ಸರಿಯುವುದೇ ಮಧ್ಯಾಹ್ನದ ಹೊತ್ತಿಗೆ. ಜೊತೆಗೆ ಬೆಟ್ಟದ ಮೇಲೆ ಮೋಡ ಕಟ್ಟಿ ಗುಡುಗುವುದೂ ಮಧ್ಯಾಹ್ನದ ನಂತರವೇ ಹೆಚ್ಚು. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಎಂದೇ ಅರ್ಥ. ನೀರಿನಿಂದ, ಬಯಲು ಮರಳಿನಿಂದ ಎದ್ದು ಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಮತ್ತೆ ಇಳಿಯಬೇಡಿ. ಬೆಳಗ್ಗೆ ಬೇಗ ಹೋಗಿ ಮಧ್ಯಾಹ್ನಕ್ಕೇ ತಿರುಗುವವರಿಗೆ ಈ ತಲೆನೋವುಗಳು ಬಹುತೇಕ ಇರುವುದೇ ಇಲ್ಲ.

## ದಂಡೆಯ ಮೇಲೆ

ಉಬ್ಬರ-ಇಳಿತದ ಟೈಮ್ ನೋಡ್ಕೊಂಡು ಹೋಗ್ಬೇಕಾ?

ಎಲ್ಲಿಗೆ ಹೋಗುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಪನಾಮಾದ ಪೆಸಿಫಿಕ್ ಬದಿಯಲ್ಲಿ ಕಡಲು ಐದು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಅಲ್ಲಿಂದ ಸುಮಾರು 80 ಕಿಲೋಮೀಟರ್ ಆಚೆ, ಅದೇ ದೇಶದ ಕೆರಿಬಿಯನ್ ಬದಿಯಲ್ಲಿ, ಅರ್ಧ ಮೀಟರೂ ಇಲ್ಲ. ಹೆಚ್ಚು ಏರಿಳಿತ ಇರುವ ಕಡೆ ದಂಡೆಯ ಕೊನೆಯ ಬಂಡೆಮೂಲೆ ಸುತ್ತಿ ಪಕ್ಕದ ಕೊಲ್ಲಿಗೆ ಹೋಗುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ಲೇ ಸಿಕ್ಕಿಬೀಳುವುದು.

ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಆದರೆ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು ಮಾತ್ರ, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಒಟ್ಟು ಏರಿಕೆಯ ಅರ್ಧ. ‘ಇನ್ನೂ ಏನೂ ಏರಿಲ್ಲ’ ಎಂದು ಕೂತವರ ಎದುರೇ ದಾರಿ ಮುಚ್ಚುವುದು ಹೀಗೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ದೊಡ್ಡದು. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಬಂಡೆಮೂಲೆ ಸುತ್ತುವುದಿದ್ದರೆ ನೀರು ಇನ್ನೂ ಇಳಿಯುತ್ತಿರುವಾಗ ಹೋಗಿ, ಏರಲು ಶುರುವಾಗುವ ಮುನ್ನ ಮರಳಿ ಬನ್ನಿ.

ಮರದ ನೆರಳಲ್ಲಿ ಚಾಪೆ ಹಾಸಿದರೆ ಏನಾದರೂ ತೊಂದರೆಯಾ?

ಯಾವ ಮರ ಎಂದು ತಲೆಯೆತ್ತಿ ನೋಡಿ. ಕಾಯಿ ತುಂಬಿದ ತೆಂಗಾದರೆ ಬೇಡ, ಕಾರಣ ಹೇಳಬೇಕಿಲ್ಲ. ಕೆರಿಬಿಯನ್, ಮಧ್ಯ ಅಮೆರಿಕದ ದಂಡೆಗಳಲ್ಲಿ ಮ್ಯಾಂಚಿನೀಲ್ ಎಂಬ ಮರ ಇದೆ. ಎಲೆ ಹೊಳಪು, ಕಾಯಿ ಪುಟ್ಟ ಹಸಿರು ಸೇಬಿನಂತೆ, ವಾಸನೆಯೂ ಹಿತ. ಅದರ ಹಾಲು ತಾಗಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕಾಯಿ ಕಚ್ಚಿದರೆ ಗಂಟಲು ಊದಿಕೊಳ್ಳುತ್ತದೆ. ಮಳೆ ಬಂತೆಂದು ಅದರ ಕೆಳಗೆ ನಿಂತರೂ ಎಲೆಯಿಂದ ತೊಟ್ಟಿಕ್ಕುವ ನೀರು ಸಾಕು. ಕೆಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ನಿರ್ಜನ ದಂಡೆಯಲ್ಲಿ ಯಾರೂ ಬಳಿದಿರುವುದಿಲ್ಲ.

ಕಡಿದಾದ ಗೋಡೆಯ ಬುಡದಲ್ಲಿ ನೆರಳು ಚೆನ್ನಾಗಿರುತ್ತದೆ. ಕೂರುವ ಮುನ್ನ ಸುತ್ತ ಮರಳಿನ ಮೇಲೆ ಹೊಸದಾಗಿ ಒಡೆದ ಅಂಚಿನ ಕಲ್ಲುಗಳು ಬಿದ್ದಿವೆಯೇ ನೋಡಿ. ಬಿದ್ದಿದ್ದರೆ ಇನ್ನೂ ಬೀಳುತ್ತವೆ, ಮಳೆಯ ಮರುದಿನ ಮುಖ್ಯವಾಗಿ.

ಬೀದಿನಾಯಿ, ಬೆಕ್ಕು ಓಡಾಡುವ ಜಾಗವಾದರೆ ಒಣ ಮರಳಿನ ಮೇಲೆ ಬರಿಮೈಯಲ್ಲಿ ಮಲಗಬೇಡಿ. ಅವುಗಳ ಮಲದಿಂದ ಬರುವ ಕೊಕ್ಕೆಹುಳುವಿನ ಮರಿಗಳು ಚರ್ಮದೊಳಗೆ ನುಸುಳಿ, ಕೆಂಪು ಗೆರೆಯಾಗಿ ಹರಿದಾಡುತ್ತ ವಾರಗಟ್ಟಲೆ ತುರಿಸುತ್ತವೆ. ಉಬ್ಬರದ ನೀರು ದಿನವೂ ತೊಳೆದು ಹೋಗುವ ಒದ್ದೆ ಮರಳು ಮೇಲು.

ಮೋಡ ಇದ್ದರೂ ಸನ್‌ಸ್ಕ್ರೀನ್ ಬೇಕಾ?

ಬೇಕು. ತೆಳು ಮೋಡ ಅತಿನೇರಳೆ ಕಿರಣದ ಹೆಚ್ಚಿನ ಪಾಲನ್ನು ಹಾಗೇ ಬಿಡುತ್ತದೆ, ಒಣ ಮರಳು ಸುಮಾರು 15 ಶೇಕಡಾ ವಾಪಸ್ ಮುಖಕ್ಕೆ ಎರಚುತ್ತದೆ. ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿ ಯಾವ ಕ್ರೀಮಿಗೂ ಕಡಿಮೆಯಲ್ಲ. ಹವಳದ ಬಂಡೆಗಳಿಗೆ ಹಾನಿ ಎಂಬ ಕಾರಣಕ್ಕೆ ಹವಾಯಿ 2021ರಿಂದ ಆಕ್ಸಿಬೆನ್ಝೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟ ನಿಲ್ಲಿಸಿದೆ. ಪೆಸಿಫಿಕ್‌ನ ಪುಟ್ಟ ದ್ವೀಪದೇಶ ಪಲಾವು ಅದಕ್ಕೂ ಒಂದು ವರ್ಷ ಮೊದಲೇ ನಿಲ್ಲಿಸಿತು.

ಕಾಲ ಬಳಿ ಕಣ್ಣಿಗೆ ಕಾಣದ ನೊಣ ಕಚ್ಚುತ್ತಂತೆ, ಏನು ಮಾಡೋದು?

ಗಾಳಿ ಬಿದ್ದುಹೋದ ಮುಂಜಾನೆ, ಮುಸ್ಸಂಜೆ ಅವುಗಳ ಹೊತ್ತು. ಅವು ಹಾರುವುದರಲ್ಲಿ ದುರ್ಬಲ, ಗಾಳಿ ಬೀಸುವ ಕಡೆ ಹೋಗಿ ಕೂತರೆ ಸಾಕು. ಇಲ್ಲವೇ ಕಾಲು ಮುಚ್ಚುವ ಬಟ್ಟೆ, ಕೀಟ ಓಡಿಸುವ ಡೀಟ್ ಇರುವ ಮುಲಾಮು. ತುರಿಸಿ ಗಾಯ ಮಾಡಿಕೊಂಡರೆ ಆ ಸೆಕೆಯಲ್ಲಿ ಬೇಗ ಕೀವಾಗುತ್ತದೆ.

ಚಿಪ್ಪು ಹೆಕ್ಕಬಹುದಾ? ಮಕ್ಕಳಿಗೆ ಆಸೆ.

ನೋಡಿ, ಫೋಟೊ ತೆಗೆದು, ಅಲ್ಲೇ ಬಿಡಿ. ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆ, ಚಿಪ್ಪು ಸಿಗದಿದ್ದರೆ ಅವು ಬಾಟಲಿ ಮುಚ್ಚಳ ಹೊತ್ತು ತಿರುಗುತ್ತವೆ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆ ಇನ್ನೊಂದು ಕಾರಣವೂ ಇದೆ. ಶಂಕುವಿನಾಕಾರದ, ಚಿತ್ತಾರ ಬಿಡಿಸಿದಂಥ ಚಂದದ ಚಿಪ್ಪಿನೊಳಗೆ ಕೋನ್ ಬಸವನಹುಳು ಬದುಕಿದ್ದರೆ ವಿಷದ ಈಟಿ ಚುಚ್ಚುತ್ತದೆ. ಕೆಲವು ಜಾತಿಗಳ ವಿಷ ಮನುಷ್ಯರನ್ನು ಕೊಂದಿದೆ, ಅದಕ್ಕೆ ಪ್ರತಿವಿಷ ಇಲ್ಲ. ಬಲು ಚಂದ ಕಂಡ ಚಿಪ್ಪನ್ನು ಜೇಬಿಗೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ದಂಡೆ ಹಿಂದೆ ಸಿಹಿನೀರಿನ ಮಡು ಇದೆ, ಕನ್ನಡಿ ಥರ ಇದೆ. ಮಕ್ಕಳನ್ನ ಅಲ್ಲೇ ಈಜೋಕೆ ಬಿಡಬಹುದಾ?

ಕಡಲಿಗಿಂತ ಅದೇ ಸುರಕ್ಷಿತ ಎಂದು ಕಾಣುತ್ತದೆ. ನಾನು ಒಪ್ಪುವುದಿಲ್ಲ. ಮಳೆ ಕಡಿಮೆಯಾದ ತಿಂಗಳುಗಳಲ್ಲಿ ಅಲೆ ತಂದು ಸುರಿದ ಮರಳು ಅಳಿವೆಯ ಬಾಯಿ ಕಟ್ಟುತ್ತದೆ, ಹೊಳೆ ಹಿಂದೆ ನಿಂತು ಮಡುವಾಗುತ್ತದೆ. ಬೆಟ್ಟದ ಮೇಲಿನ ಹಂದಿ, ಇಲಿ, ದನಗಳ ಮೂತ್ರ ಎಲ್ಲ ತೊಳೆದು ಬಂದು ನಿಲ್ಲುವುದು ಅಲ್ಲೇ. ಅದರಿಂದ ಬರುವುದು ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. 2000ದಲ್ಲಿ ಬೋರ್ನಿಯೋದ ಸಬಾಹ್‌ನಲ್ಲಿ ಕಾಡು, ಹೊಳೆ ಹಾದು ನಡೆದ ಒಂದು ಸಾಹಸ ಸ್ಪರ್ಧೆಯ ನಂತರ ಬಹಳಷ್ಟು ಸ್ಪರ್ಧಿಗಳು ಈ ಜ್ವರ ಹತ್ತಿಸಿಕೊಂಡೇ ಊರಿಗೆ ಮರಳಿದ್ದರು. ಮೈಮೇಲೆ ಗಾಯವಿದ್ದರೆ ಮಡುವಿಗೆ ಇಳಿಯಬೇಡಿ, ತಲೆ ಮುಳುಗಿಸಬೇಡಿ. ಹಿಂತಿರುಗಿದ ಮೇಲೆ ಕೆಲವು ವಾರಗಳೊಳಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾದರೆ ಹೊಳೆಯಲ್ಲಿ ಈಜಿದ್ದನ್ನು ವೈದ್ಯರಿಗೆ ಹೇಳಿ, ಅವರಾಗಿ ಕೇಳಲಾರರು.

ಉತ್ತರ ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾದ ಕೆಲವು ಕರಾವಳಿಗಳಲ್ಲಿ ಇಂಥ ಅಳಿವೆಗಳಲ್ಲಿ ಉಪ್ಪುನೀರಿನ ಮೊಸಳೆ ಇರುತ್ತದೆ. ಕಾಡು, ಬೆಟ್ಟ, ಹವಳದ ಕಡಲು ಮೂರೂ ಕೂಡುವ ಕ್ವೀನ್ಸ್‌ಲ್ಯಾಂಡಿನ ಕೇಪ್ ಟ್ರಿಬ್ಯುಲೇಷನ್‌ನಲ್ಲಿ ಆ ಎಚ್ಚರಿಕೆಯ ಫಲಕಗಳೇ ಸ್ವಾಗತಿಸುತ್ತವೆ. ಅಲ್ಲಿ ದಡದಲ್ಲಿ ಕೂರುವುದೂ ಬೇಡ. ಕುಡಿಯುವುದಾದರೆ ಎಲ್ಲೇ ಆಗಲಿ ನೀರನ್ನು ಕುದಿಸಿ.

ಶೌಚಾಲಯ ಇಲ್ಲವಲ್ಲ?

ಮರಳಿನಲ್ಲಿ ಬೇಡ. ಹೊಳೆಯಿಂದ ಅರವತ್ತು ಮೀಟರ್ ದೂರ, ಕಾಡಿನ ಮಣ್ಣಿನಲ್ಲಿ ಗೇಣುದ್ದದ ಗುಂಡಿ ತೋಡಿ, ಮುಚ್ಚಿ. ಕಾಗದವನ್ನು ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ.

## ನೀರಿನಲ್ಲಿ

ಅಲ್ಲಿ ಈಜೋಕೆ ಯಾವ ಜಾಗ ಸೇಫ್ ಅಂತ ಹೇಗೆ ಗೊತ್ತಾಗುತ್ತೆ?

ಬೆಟ್ಟದ ದಾರಿಯಲ್ಲಿ ಇಳಿಯುವವರಿಗೆ ಒಂದು ಅನುಕೂಲ ಇದೆ, ದಂಡೆ ಮೊದಲು ಮೇಲಿಂದ ಕಾಣುತ್ತದೆ. ಅಲ್ಲಿ ನಿಂತು ಹದಿನೈದು-ಇಪ್ಪತ್ತು ನಿಮಿಷ ನೋಡಿ. ಅಲೆಗಳು ಸಾಲಾಗಿ ಬಂದು ಬಿಳಿಯಾಗಿ ಒಡೆಯುತ್ತಿರುತ್ತವೆ. ಆ ಬಿಳಿಯ ನಡುವೆ ಎಲ್ಲೋ ಒಂದು ಕಡೆ ಅಲೆ ಒಡೆಯುವುದೇ ಇಲ್ಲ. ನೀರು ಅಲ್ಲಿ ಕಪ್ಪಗೆ, ಮೇಲ್ಮೈ ಸಣ್ಣಗೆ ನಡುಗುತ್ತ, ನೊರೆಯ ಎಳೆಗಳು ನಿಧಾನ ಹೊರಗೆ ಸರಿಯುತ್ತಿರುತ್ತವೆ. ಮೊದಲ ಸಲ ನೋಡುವವರು ‘ಅಗೋ, ಅಲ್ಲಿ ಶಾಂತವಾಗಿದೆ’ ಎಂದು ಬೆರಳು ತೋರಿಸುವುದು ಅಲ್ಲಿಗೇ. ದಡಕ್ಕೆ ಬಂದು ಸೇರಿದ ನೀರೆಲ್ಲ ಕಡಲಿಗೆ ಮರಳುವ ಓಣಿ ಅದು, ಸೆಳೆತದ ಜಾಗ. ಜೋರಾದಾಗ ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿ ಹರಿಯಬಲ್ಲದು, ಒಲಿಂಪಿಕ್ ಈಜುಗಾರರೂ ಅದರ ಎದುರು ಈಜಿ ಗೆಲ್ಲುವುದಿಲ್ಲ.

ಎರಡು ಬಂಡೆಮೂಲೆಗಳ ನಡುವೆ ಸಿಕ್ಕ ಇಂಥ ಕೊಲ್ಲಿಗಳಲ್ಲಿ ಸೆಳೆತ ಬಂಡೆಯ ಪಕ್ಕಕ್ಕೇ ಅಂಟಿಕೊಂಡಿರುವುದು ಹೆಚ್ಚು. ಅಲೆಯ ದಿಕ್ಕು ಬದಲಾದರೆ ಎಡಮೂಲೆಯದ್ದು ಬಲಮೂಲೆಗೆ ಹೋಗಬಹುದು, ನಡುವಿನದ್ದು ಜಾಗ ಬದಲಿಸಬಹುದು. ಹೊಳೆ ಕಡಲು ಸೇರುವ ಬಾಯಿಯೂ ಬೇಡ. ಅಲ್ಲಿ ಸೆಳೆತ, ಕಲಕು ನೀರು, ತೇಲಿ ಬರುವ ಮರದ ದಿಮ್ಮಿ ಎಲ್ಲ ಒಟ್ಟಿಗಿವೆ. ನೋಡಿಯೂ ಗೊತ್ತಾಗದಿದ್ದರೆ ಇಳಿಯಬೇಡಿ. ಜೀವರಕ್ಷಕರಿಲ್ಲದ ಕಡೆ ಸಂಶಯ ಬಂದರೆ ನಾನು ಮೀನುಗಾರರನ್ನು ಕೇಳುತ್ತೇನೆ, ಅವರೂ ಇಲ್ಲದಿದ್ದರೆ ಕಾಲು ಒದ್ದೆ ಮಾಡಿಕೊಂಡು ಬರುತ್ತೇನೆ.

ಸೆಳೆತಕ್ಕೆ ಸಿಕ್ಕಿಬಿಟ್ಟರೆ?

ಸೆಳೆತ ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ದಡದತ್ತ ಈಜಿ ದಣಿದವರೇ ಮುಳುಗುವುದು. ಮೊದಲು ಅಂಗಾತ ತೇಲಿ ಉಸಿರು ಹತೋಟಿಗೆ ತಂದುಕೊಳ್ಳಿ, ಕೈ ಎತ್ತಿ ಕೂಗಿ. ಸ್ವಲ್ಪ ಬಲ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಬಿಳಿ ನೊರೆ ಕಾಣುವ ಕಡೆಗೆ ಈಜಿ. ಅಲೆ ಒಡೆಯುವ ಕಡೆ ನೀರು ದಡದತ್ತ ಹೋಗುತ್ತಿರುತ್ತದೆ. ಬಂಡೆಯ ಪಕ್ಕದ ಸೆಳೆತವಾದರೆ ಬಂಡೆಯಿಂದ ದೂರಕ್ಕೆ, ಕೊಲ್ಲಿಯ ನಡುವಿಗೆ. ಎಷ್ಟೋ ಸೆಳೆತಗಳು ಸುತ್ತು ಹೊಡೆದು ಅವಾಗಿಯೇ ಒಳಕ್ಕೆ ತರುವುದೂ ಉಂಟು, ಎಲ್ಲವೂ ಅಲ್ಲ.

ದಡದಲ್ಲಿ ನಿಂತವರು ಬರಿಗೈಯಲ್ಲಿ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಹೋಗುವುದು ಹೀಗೇ. ಖಾಲಿ ಮಾಡಿ ಮುಚ್ಚಿದ ನೀರಿನ ಕ್ಯಾನು, ತೇಲುವ ಏನಾದರೂ ಎಸೆಯಿರಿ, ಕಣ್ಣು ಕೀಳದೆ ಬೆರಳು ತೋರಿಸುತ್ತ ನಿಲ್ಲಿ.

ಅಲೆ ಚಿಕ್ಕದೇ, ದಡದಲ್ಲೇ ಆಡುತ್ತೇವೆ. ಅದಕ್ಕೂ ಭಯನಾ?

ಮರಳು ದಪ್ಪ, ಇಳಿಜಾರು ಕಡಿದು ಇದ್ದರೆ ಭಯವೇ. ಅಂಥ ಕಡೆ ಅಲೆ ದೂರದಲ್ಲಿ ಒಡೆದು ಶಕ್ತಿ ಕಳೆದುಕೊಳ್ಳುವುದಿಲ್ಲ, ಪೂರ್ತಿ ತೂಕವನ್ನು ಕಾಲಬುಡದಲ್ಲೇ ಕವುಚುತ್ತದೆ. ತಲೆ ಕೆಳಗಾಗಿ ಮರಳಿಗೆ ಬಡಿದು ಕತ್ತು ಮುರಿಯಲು ಸೊಂಟದೆತ್ತರದ ಅಲೆ ಸಾಕು. ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವುದು ಬೇಡ. ಗಾಳಿ ತುಂಬಿದ ತೇಲುಹಾಸಿಗೆಯೂ ಬೇಡ, ಬೆಳಗಿನ ಹೊತ್ತು ತಂಪು ಗಾಳಿ ಬೆಟ್ಟದಿಂದ ಕಡಲಿಗೆ ಇಳಿಯುತ್ತಿರುತ್ತದೆ, ಮಗುವನ್ನು ಹೊತ್ತ ಹಾಸಿಗೆ ಸದ್ದಿಲ್ಲದೆ ಹೊರಗೆ ಹೋಗುತ್ತದೆ.

ಅಂಬಲಿ ಮೀನು (ಜೆಲ್ಲಿಫಿಶ್) ಕುಟುಕಿದರೆ ಮೂತ್ರ ಹೊಯ್ಯಬೇಕಂತೆ, ಹೌದಾ?

ಅಲ್ಲ. ಮೂತ್ರ, ಸಿಹಿನೀರು ಎರಡೂ ಚರ್ಮಕ್ಕಂಟಿದ, ಇನ್ನೂ ಸಿಡಿಯದ ಕುಟುಕುಕೋಶಗಳನ್ನು ಸಿಡಿಸಬಲ್ಲವು. ಉಜ್ಜುವುದೂ ಬೇಡ. ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾದ ಪೆಟ್ಟಿಗೆ ಅಂಬಲಿ ಮೀನಿಗೆ ವಿನೆಗರನ್ನು ಅರ್ಧ ನಿಮಿಷವಾದರೂ ಧಾರಾಳ ಸುರಿಯಬೇಕು, ಉಸಿರು-ನಾಡಿ ನೋಡುತ್ತಿರಬೇಕು. ಅದು ನಿಮಿಷಗಳಲ್ಲಿ ಕೊಲ್ಲಬಲ್ಲದು. ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಅದರ ಕಾಲ ಸುಮಾರು ನವೆಂಬರಿನಿಂದ ಮೇ. ನೀಲಿ ಬಲೂನಿನಂತೆ ತೇಲುವ ಬ್ಲೂಬಾಟಲಿಗಾದರೆ ಎಳೆ ಕಿತ್ತು, ಕಡಲ ನೀರಿನಲ್ಲಿ ತೊಳೆದು, ತಾಳುವಷ್ಟು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡುವುದು ಆಸ್ಟ್ರೇಲಿಯಾದವರ ಪದ್ಧತಿ.

ಬಿಸಿನೀರು ತೊರಕೆ ಮೀನಿನ (ಸ್ಟಿಂಗ್‌ರೇ) ಮುಳ್ಳಿಗೂ ಆಗುತ್ತದೆ. ತುಳಿಯದಿರಲು ಆಳವಿಲ್ಲದ ನೀರಿನಲ್ಲಿ ಹೆಜ್ಜೆ ಎತ್ತಿಡದೆ ಕಾಲು ಎಳೆದುಕೊಂಡು ನಡೆಯಿರಿ, ಅದು ಸರಿದುಹೋಗುತ್ತದೆ.

## ಇನ್ನೂ ಸ್ವಲ್ಪ ಒಳಕ್ಕೆ

ರಾತ್ರಿ ಉಳಿದರೆ ಆಮೆ ಮೊಟ್ಟೆ ಇಡೋದು ನೋಡಬಹುದಾ?

ಕಾಲ, ಜಾಗ, ಅನುಮತಿ ಮೂರೂ ಕೂಡಿಬಂದರೆ. ಟ್ರಿನಿಡಾಡಿನ ಗ್ರಾಂಡ್ ರಿವಿಯೇರ್, ಬೆಟ್ಟದ ಸಾಲಿನ ಬುಡದ ಪುಟ್ಟ ದಂಡೆ. ಲೆದರ್‌ಬ್ಯಾಕ್ ಕಡಲಾಮೆಗಳು ಜಗತ್ತಿನಲ್ಲೇ ಅತಿ ದಟ್ಟವಾಗಿ ಮೊಟ್ಟೆ ಇಡಲು ಬರುವ ಜಾಗಗಳಲ್ಲಿ ಒಂದು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಾತ್ರಿ ಅಲ್ಲಿ ಅನುಮತಿ ಇಲ್ಲದೆ, ಮಾರ್ಗದರ್ಶಿ ಇಲ್ಲದೆ ಹೋಗುವಂತಿಲ್ಲ. ಒಳ್ಳೆಯ ನಿಯಮ.

ಕತ್ತಲಲ್ಲಿ ಮೊದಲು ಕೇಳಿಸುವುದು ಉಸಿರು, ದೊಡ್ಡ ನಿಟ್ಟುಸಿರಿನಂಥದ್ದು. ಮುನ್ನೂರು-ಐನೂರು ಕಿಲೋ ತೂಕದ ಪ್ರಾಣಿ ಮುಂಗಾಲಿನಲ್ಲಿ ಮರಳು ಹಿಂದಕ್ಕೆ ಎಸೆದು ಮೈ ಇಡುವಷ್ಟು ತಗ್ಗು ಮಾಡಿಕೊಳ್ಳುತ್ತದೆ. ಆಮೇಲೆ ಹಿಂಗಾಲಿನ ಕೆಲಸ. ಒಂದು ಕಾಲಿನ ಅಂಚು ಮಡಚಿ, ಸೌಟಿನಂತೆ ಒಂದು ಹಿಡಿ ಮರಳು ಎತ್ತಿ ಪಕ್ಕಕ್ಕಿಟ್ಟು, ಇನ್ನೊಂದು ಕಾಲಿನಿಂದ ಇನ್ನೊಂದು ಹಿಡಿ. ಒಮ್ಮೆಯೂ ಹಿಂದಿರುಗಿ ನೋಡದೆ ಮುಕ್ಕಾಲು ಮೀಟರ್ ಆಳದ ಗುಂಡಿ ತೋಡುತ್ತದೆ. ಎಂಬತ್ತರ ಆಸುಪಾಸು ಮೊಟ್ಟೆ, ಮೇಲೆ ಭ್ರೂಣವಿಲ್ಲದ ಚಿಕ್ಕ ಚಿಕ್ಕವು ಕೆಲವು. ಕಣ್ಣಿಂದ ಇಳಿಯುವುದು ಅಳುವಲ್ಲ, ಮೈಯ ಹೆಚ್ಚುವರಿ ಉಪ್ಪು. ಮುಚ್ಚಿ, ಜಾಗ ಗುರುತಾಗದಂತೆ ಸುತ್ತ ಮರಳು ಕೆದರಿ ಹೋಗುತ್ತದೆ. ಸುಮಾರು ಅರವತ್ತು ದಿನಕ್ಕೆ ಮರಿ. ಮರಳು ಬೆಚ್ಚಗಿದ್ದಷ್ಟೂ ಹೆಣ್ಣು ಹೆಚ್ಚು.

ಮೊಟ್ಟೆ ಬೀಳಲು ಶುರುವಾಗುವ ಮುನ್ನ ಹತ್ತಿರ ಹೋದರೆ, ಬೆಳಕು ಬಿಟ್ಟರೆ ಆಮೆ ತಿರುಗಿ ಹೋಗಿಬಿಡುತ್ತದೆ. ಫ್ಲ್ಯಾಶ್ ಬೇಡ, ಬಿಳಿ ಟಾರ್ಚ್ ಬೇಡ, ದಂಡೆಯಲ್ಲಿ ಬೆಂಕಿಯೂ ಬೇಡ. ಮರಿಗಳು ಬೆಳಕಿರುವ ಕಡೆಯೇ ಕಡಲು ಎಂದು ತಿಳಿದು ನಡೆಯುತ್ತವೆ.

ಹೋದ ಸಲ ಅಗಲ ಮರಳಿತ್ತು, ಈ ಸಲ ಬರೀ ಕಲ್ಲು. ಬೀಚ್ ಎಲ್ಲಿಗೆ ಹೋಯಿತು?

ಎದುರಿಗೇ ಇದೆ, ನೀರಿನಡಿ. ದೊಡ್ಡ ಅಲೆಯ ತಿಂಗಳುಗಳಲ್ಲಿ ಮರಳು ಕೆಳಗೆ ಎಳೆಯಲ್ಪಟ್ಟು ತೀರದಾಚೆ ದಿಬ್ಬವಾಗುತ್ತದೆ, ಸಣ್ಣ ಅಲೆಯ ತಿಂ​ಗಳುಗಳಲ್ಲಿ ಮೆಲ್ಲಗೆ ವಾಪಸ್ ಬರುತ್ತದೆ. ಹನಕಾಪಿಐನಲ್ಲಿ ಬೇಸಿಗೆಗೆ ಮರಳು, ಚಳಿಗಾಲಕ್ಕೆ ಬಂಡೆಗುಂಡು, ಪ್ರತಿ ವರ್ಷ.

ಮರಳಿನ ಮೂಲ ಎರಡು. ಒಂದು ಬೆಟ್ಟ ಸವೆದು ಹೊಳೆ ಹೊತ್ತು ತಂದದ್ದು, ಜ್ವಾಲಾಮುಖಿಯ ಬೆಟ್ಟವಾದರೆ ಕಪ್ಪು. ಇನ್ನೊಂದು ಹವಳ, ಚಿಪ್ಪು ಪುಡಿಯಾದದ್ದು, ಅದು ಬಿಳಿ. ಅದರಲ್ಲಿ ಗಿಳಿಮೀನಿನ ಪಾಲು ದೊಡ್ಡದು. ಅದು ಹವಳದ ಬಂಡೆ ಕೆರೆದು ತಿಂದು ಮರಳಾಗಿ ವಿಸರ್ಜಿಸುತ್ತದೆ, ದೊಡ್ಡ ಮೀನು ವರ್ಷಕ್ಕೆ ನೂರಾರು ಕಿಲೋ. ಬೆಟ್ಟದ ಹೊಳೆಗೆ ಅಣೆಕಟ್ಟು ಬಿದ್ದರೆ, ಹೊಳೆಯ ಮರಳು ಲಾರಿ ಹತ್ತಿದರೆ, ಕೆಳಗಿನ ದಂಡೆ ಕೆಲವು ವರ್ಷಗಳಲ್ಲಿ ತೆಳ್ಳಗಾಗುತ್ತದೆ.

ಅಳಿವೆಯೂ ಜಾಗ ಬದಲಿಸುತ್ತದೆ. ಗ್ರಾಂಡ್ ರಿವಿಯೇರ್‌ನಲ್ಲಿ ಹೊಳೆ ತನ್ನ ಬಾಯಿ ಸರಿಸಿ ದಂಡೆಯನ್ನು ಕೊರೆಯತೊಡಗಿತು. ಅದನ್ನು ಹಿಂದಕ್ಕೆ ತಿರುಗಿಸಲು 2012ರ ಜುಲೈನಲ್ಲಿ ಬುಲ್ಡೋಜರ್ ಇಳಿಸಿದಾಗ ಮರಳಿನಡಿಯ ಸಾವಿರಾರು ಆಮೆ ಮೊಟ್ಟೆ, ಮರಿಗಳು ನುಜ್ಜುಗುಜ್ಜಾದವು.

ಅಲ್ಲಿದ್ದಾಗ ಭೂಮಿ ನಡುಗಿದರೆ?

ಬೆಟ್ಟ ಉಪಕಾರಕ್ಕೆ ಬರುವುದು ಇಲ್ಲೇ. ನಿಂತಲ್ಲಿ ನಿಲ್ಲಲಾಗದಷ್ಟು ಜೋರಾಗಿ ಅಥವಾ ಇಪ್ಪತ್ತು ಸೆಕೆಂಡಿಗೂ ಹೆಚ್ಚು ನೆಲ ನಡುಗಿದರೆ, ಕಡಲು ತಟಕ್ಕನೆ ಹಿಂದೆ ಸರಿದು ತಳ ಕಂಡರೆ, ಕಡಲಿನಿಂದ ಭೋರ್ಗರೆತ ಕೇಳಿದರೆ, ಅಧಿಕೃತ ಸೂಚನೆಗೆ ಕಾಯದೆ ಮೇಲಕ್ಕೆ ನಡೆಯಿರಿ. ಸಾಮಾನು ಬಿಟ್ಟುಬಿಡಿ. ಹೊಳೆಯ ಕಣಿವೆ ಹಿಡಿಯಬೇಡಿ, ಅಲೆಯೂ ಅದೇ ದಾರಿ ಹಿಡಿಯುತ್ತದೆ. ಬೆಟ್ಟದ ಏಣು, ಅಂದರೆ ಎತ್ತರದ ಅಂಚು, ಹತ್ತಿ. ಇಂಡೋನೇಷ್ಯಾದ ಸಿಮೆಲೂ ದ್ವೀಪದವರು 1907ರ ಸುನಾಮಿಯ ನೆನಪನ್ನು ಹಿರಿಯರ ಕತೆ, ಹಾಡುಗಳಲ್ಲಿ ಉಳಿಸಿಕೊಂಡಿದ್ದರು. 2004ರ ಡಿಸೆಂಬರ್ 26ರಂದು ನೆಲ ನಡುಗಿದ್ದೇ ಎಲ್ಲರೂ ಗುಡ್ಡ ಏರಿದರು. ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಮೊದಲ ಅಲೆಯ ನಂತರ ಕೆಳಗಿಳಿಯಬೇಡಿ, ಎರಡನೆಯದೋ ಮೂರನೆಯದೋ ಅದಕ್ಕಿಂತ ದೊಡ್ಡದಿರಬಹುದು.

ದಾರಿಗೆ ಯಾರೋ ಗೇಟ್ ಹಾಕಿದ್ದಾರೆ. ಬೀಚ್ ಎಲ್ಲರದ್ದಲ್ವಾ?

ಬಹಳ ದೇಶಗಳಲ್ಲಿ ಮರಳು ಎಲ್ಲರದ್ದು, ಮರಳಿಗೆ ಹೋಗುವ ದಾರಿ ಎಲ್ಲರದ್ದಲ್ಲ. ಜಗಳವೆಲ್ಲ ಹುಟ್ಟುವುದು ಆ ಸಂದಿನಲ್ಲಿ. ಕೋಸ್ಟಾ ರಿಕಾದ 1977ರ ಕಾನೂನು ಉಬ್ಬರದ ಗೆರೆಯಿಂದ 50 ಮೀಟರ್ ಜಾಗವನ್ನು ಸಾರ್ವಜನಿಕ ಎನ್ನುತ್ತದೆ. ಹವಾಯಿಯಲ್ಲಿ ಅಲೆ ತಲುಪುವ ಅತಿ ಮೇಲಿನ ಗೆರೆಯವರೆಗೆ. ಗೇಟು ಹಾರುವ ಮುನ್ನ ಹತ್ತಿರದ ಮನೆಯಲ್ಲಿ ಕೇಳಿ. ಹೆಚ್ಚಿನ ಕಡೆ ‘ಹೋಗಿ, ಗೇಟು ಮುಚ್ಚಿ’ ಎಂದಷ್ಟೇ ಹೇಳುತ್ತಾರೆ, ಹೊಳೆಯಲ್ಲಿ ಇವತ್ತು ನೀರೆಷ್ಟು ಎನ್ನುವುದನ್ನೂ ಅವರೇ ಹೇಳುತ್ತಾರೆ.

ಇಂಥ ಜಾಗದ ಹೆಸರು ಎಲ್ಲರಿಗೂ ಹೇಳಿದರೆ ಹಾಳಾಗಲ್ವಾ?

ಆಗುತ್ತದೆ, ಒಂದೊಂದು ಸಲ. ಥಾಯ್ಲೆಂಡಿನ ಮಾಯಾ ಕೊಲ್ಲಿ, ಮೂರು ಕಡೆ ಸುಣ್ಣಕಲ್ಲಿನ ಗೋಡೆ ಇರುವ ಪುಟ್ಟ ದಂಡೆ, ಒಂದು ಸಿನಿಮಾದಿಂದ ಹೆಸರಾಗಿ ದಿನಕ್ಕೆ ಸಾವಿರಾರು ಜನರನ್ನು ಕಂಡಿತು. ಹವಳ ಸತ್ತು 2018ರ ಜೂನ್‌ನಲ್ಲಿ ಮುಚ್ಚಬೇಕಾಯಿತು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಆ ನಡುವೆ ಕಪ್ಪುತುದಿ ರೆಕ್ಕೆಯ ಶಾರ್ಕ್‌ಗಳು ಕೊಲ್ಲಿಗೆ ಮರಳಿದವು. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು.

ಹೆಸರು ಬಚ್ಚಿಡುವುದರಿಂದ ಹೆಚ್ಚು ದಿನ ಉಪಯೋಗವಿಲ್ಲ ಎನ್ನುವುದು ನನ್ನ ಅನಿಸಿಕೆ, ಉಪಗ್ರಹದ ಚಿತ್ರದಲ್ಲಿ ಎಲ್ಲ ಕಾಣುತ್ತದೆ. ಲೆಕ್ಕ ಇಡುವುದೇ ಮೇಲು. ನಾ ಪಾಲಿ ದಾರಿ ಶುರುವಾಗುವ ಹಾಎನಾ ಉದ್ಯಾನ 2018ರ ಮಳೆಯಲ್ಲಿ ಮುಚ್ಚಿತ್ತು. 2019ರಲ್ಲಿ ತೆರೆದಾಗ ಹೊರಗಿನವರಿಗೆ ದಿನಕ್ಕೆ 900 ಜನರ ಮಿತಿ ಹಾಕಿ, ಮುಂಗಡ ಕಾಯ್ದಿರಿಸುವಂತೆ ಮಾಡಿದರು. ಅಲ್ಲಿಗೆ ಹೋಗುವ ಯೋಚನೆ ಇದ್ದರೆ ವಿಮಾನದ ಟಿಕೆಟಿಗಿಂತ ಮೊದಲು ಆ ಚೀಟಿ ಸಿಗುತ್ತದೆಯೇ ನೋಡಿಕೊಳ್ಳಿ.